ನೋಡಿ ಹಾಕಿದ ಓಟು

ನಮ್ಮೂರಲ್ಲಿ ಓಟು ಹಾಕದವನ ನಾಲಿಗೆಗೆ ಉಪ್ಪು ಹತ್ತುವುದಿಲ್ಲ. ಮುಂದಿನ ಚುನಾವಣೆ ಬರುವವರೆಗೂ ಹತ್ತುವುದಿಲ್ಲ. ಹುಳಿ ಗೊತ್ತಾಗುತ್ತದೆ, ಖಾರ ಗೊತ್ತಾಗುತ್ತದೆ, ಬೆಲ್ಲ ತಿಂದರೆ ಸಿಹಿಯೂ ಗೊತ್ತಾಗುತ್ತದೆ; ಉಪ್ಪು ಮಾತ್ರ ಬಾಯಲ್ಲಿ ಮರಳು ಅಗಿದ ಹಾಗೆ. ಯಾಕೆ ಹೀಗೆ ಅಂತ ನನ್ನನ್ನು ಕೇಳಬೇಡಿ. ಹಿಂದೆ ಕೇಳಿದವರಿಗೆ ನಮ್ಮ ಹಿರಿಯರು, "ಮಳಿ ಮ್ಯಾಲಿಂದ ಯಾಕ ಬೀಳತೈತಿ, ಮೊದಲ ಅದನ್ನ ಹೇಳು" ಅಂತ ತಿರುಗಿ ಕೇಳಿ ಸುಮ್ಮನಾಗಿಸಿದ್ದಾರೆ.

ಹಾಗಾಗಿ ನಮ್ಮೂರಲ್ಲಿ ಎಲ್ಲರೂ ಓಟು ಹಾಕುತ್ತಾರೆ. ಜ್ವರ ಬಂದವರನ್ನು ಹೊರಸಿನ ಮೇಲೆ ಹೊತ್ತುಕೊಂಡು ಬರುತ್ತಾರೆ. ಹೆಣ್ಣು ಕೊಡುವವರು ಹುಡುಗನ ಸಂಬಳ, ಸಿಗರೇಟು ವಿಚಾರಿಸುವ ಮೊದಲು "ಹುಡುಗಗ ಉಪ್ಪು ಹತ್ತತೈತಿಲ್ರಿ?" ಅಂತ ವಿಚಾರಿಸುತ್ತಾರೆ. ಮತಗಟ್ಟೆಯ ಬಾಗಿಲ ಹೊರಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಉಪ್ಪಿನ ತಟ್ಟೆ. ಒಳಗೆ ಹೋಗಿ ಗುಂಡಿ ಒತ್ತಿ ಬಂದವರು ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚುತ್ತಾರೆ. "ಹತ್ತೇತಿ?" ಅಂತ ಸರತಿಯಲ್ಲಿ ನಿಂತವರು ಕೇಳುತ್ತಾರೆ. "ಹತ್ತೇತಿ" ಅಂತ ಹೇಳಿ ಇವರು ಮನೆಗೆ ಹೋಗುತ್ತಾರೆ. ನೂರಕ್ಕೆ ನೂರು ಮತದಾನ ಅಂತ ಸರಕಾರದವರು ಒಂದೆರಡು ಸಲ ಬಿಟ್ಟರೆ ಪ್ರತಿ ಸಲ ಒಂದು ಷೀಲ್ಡು ಕೊಡುತ್ತಾರೆ. ಪುರಸಭೆಯ ಕಪಾಟು ತುಂಬಿ, ಈಗ ಷೀಲ್ಡುಗಳನ್ನು ಕಕ್ಕಸಿನ ಕಿಟಕಿಗೆ ಅಡ್ಡ ಇಟ್ಟಿದ್ದಾರೆ.

ಒಮ್ಮೆ ರಾಜಧಾನಿಯಿಂದ ದೊಡ್ಡ ವಿದ್ವಾಂಸರೊಬ್ಬರು ಬಂದು ಕಾಲೇಜಿನಲ್ಲಿ "ಮತದಾನ ಕಡ್ಡಾಯವಾಗಬೇಕೆ?" ಅಂತ ಚರ್ಚೆ ಇಡಿಸಿದರು. ನಮ್ಮ ಹುಡುಗರಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಹಸಿವು ಕಡ್ಡಾಯವಾಗಬೇಕೆ ಅಂತ ಯಾರಾದರೂ ಕೇಳುತ್ತಾರೆಯೇ? ವಿದ್ವಾಂಸರು ನಮ್ಮ ಜಾಗೃತಿಯನ್ನು ಮೆಚ್ಚಿ, ಕಣ್ಣು ಒರೆಸಿಕೊಂಡು, ಉಡಚಕ್ಕನ ಖಾನಾವಳಿಯಲ್ಲಿ ಎಣಗಾಯಿ ರೊಟ್ಟಿ ಹೊಡೆದು ಹೋದರು. ನಮ್ಮ ಇತಿಹಾಸದ ಪ್ರೊಫೆಸರರು ಮಾತ್ರ ಒಂದು ಸಲ, ನಿಂತವರಲ್ಲಿ ಯೋಗ್ಯರು ಒಬ್ಬರೂ ಇಲ್ಲ, ತತ್ವಕ್ಕಾಗಿ ಓಟು ಹಾಕುವುದಿಲ್ಲ ಅಂತ ಮನೆಯಲ್ಲೇ ಕೂತಿದ್ದರು. ಎರಡನೇ ವರ್ಷ ಅವರ ಹೆಂಡತಿ ಅವರನ್ನು ಉಪ್ಪಿನಕಾಯಿಯ ಭರಣಿಯೊಳಗೆ ಮೊಣಕೈವರೆಗೆ ಕೈ ಬಿಟ್ಟುಕೊಂಡಿದ್ದಾಗ ಹಿಡಿದರಂತೆ. ಈಗ ಸರತಿಯಲ್ಲಿ ಅವರೇ ಮೊದಲು.

ಎಲ್ಲರೂ ಓಟು ಹಾಕುತ್ತಾರೆ ಅಂದೆ. ಯಾರಿಗೆ ಅಂತ ಹೇಳಲಿಲ್ಲ. ಉಪ್ಪೂ ಅದನ್ನು ಕೇಳುವುದಿಲ್ಲ. ಗುಂಡಿ ಒತ್ತಿದರೆ ಆಯಿತು, ಉಪ್ಪು ಹತ್ತಿತು. ಮನೆಯಲ್ಲಿ ಒಲೆ ಮೇಲೆ ಹಾಲಿಟ್ಟು ಬಂದವರು, ಅಂಗಡಿ ಬಾಗಿಲು ಅರ್ಧ ತೆರೆದು ಬಂದವರು, ಹೆಸರುಗಳನ್ನು ಓದುತ್ತಾ ನಿಲ್ಲುತ್ತಾರೆಯೇ? ಬೆರಳಿಗೆ ಮೊದಲು ಸಿಗುವುದು ಮೇಲಿನ ಗುಂಡಿ. ಅದನ್ನೇ ಒತ್ತುತ್ತಾರೆ. ಆದ್ದರಿಂದ ನಮ್ಮ ಪುರಸಭೆಗೆ ಅಧ್ಯಕ್ಷರಾದವರ ಹೆಸರು ನೋಡಿ: ಅಡಿವೆಪ್ಪ, ಅಜ್ಜಪ್ಪ, ಅಕ್ಕಲಪ್ಪ. ಕೊನೆಗೆ ಅಂದಾನಪ್ಪ. ಇವನ ಹುಟ್ಟುಹೆಸರು ಹುಚ್ಚಪ್ಪ. ಹೆಸರುಗಳನ್ನು ಶಬ್ದಕೋಶದ ಲೆಕ್ಕದಲ್ಲಿ ಜೋಡಿಸುತ್ತಾರೆ, ಕೋಶದಲ್ಲಿ ಸೊನ್ನೆ ಇರುವ 'ಅಂ' ಬಾಕಿ 'ಅ'ಗಳಿಗಿಂತಲೂ ಮುಂದೆ ಅಂತ ಯಾರೋ ಹೇಳಿಕೊಟ್ಟರು. ಹುಚ್ಚಪ್ಪ ಅಂದಾನಪ್ಪನಾದ. ಆಮೇಲೆ ಇಪ್ಪತ್ತು ವರ್ಷ ಕುರ್ಚಿ ಬಿಟ್ಟು ಏಳಲಿಲ್ಲ.

ಕೆಟ್ಟವನಲ್ಲ. ಕೆಲಸದವನೂ ಅಲ್ಲ. ಅವನ ಕಾಲದಲ್ಲಿ ಊರಿಗೆ ಆದದ್ದೂ ಇಲ್ಲ, ಹೋದದ್ದೂ ಇಲ್ಲ. ಉಡಚಕ್ಕನ ಖಾನಾವಳಿಯ ಮುಂದಿನ ಗಟಾರ ಅವನು ಮೊದಲ ಸಲ ಗೆದ್ದಾಗ ಒಡೆದದ್ದು, ಒಡೆದೇ ಇತ್ತು. ಒಂದು ಹಲಗೆ ಹಾಸಿದ್ದರು, ಅದರ ಮೇಲೆ ನಡೆದು ಒಳಗೆ ಹೋಗಬೇಕು. ಅಂದಾನಪ್ಪನೂ ದಿನಾ ಮಧ್ಯಾಹ್ನ ಆ ಹಲಗೆಯ ಮೇಲೆಯೇ ಧೋತರ ಎತ್ತಿ ಹಿಡಿದು ನಡೆದು ಬಂದು ಊಟ ಮಾಡುತ್ತಿದ್ದ. ಊಟದ ವಿಷಯದಲ್ಲಿ ಆಸಾಮಿ ಮಹಾ ಕಸುಬುದಾರ. ಸಾರಿನಲ್ಲಿ ಸಾಸಿವೆ ಸಿಡಿದಿತ್ತೋ ಕರಟಿತ್ತೋ ಬಾಗಿಲಲ್ಲೇ ಮೂಸಿ ಹೇಳುತ್ತಿದ್ದ. "ಗಟಾರ ಯಾವಾಗ್ರಿ?" ಅಂತ ಉಡಚಕ್ಕ ಕೇಳಿದರೆ, "ಗೆದ್ದ ಮ್ಯಾಲೆ ನೋಡೂಣವಾ" ಅನ್ನುತ್ತಿದ್ದ. ಗೆದ್ದ ಮೇಲೆ ಕೇಳಿದರೂ ಅದನ್ನೇ ಅನ್ನುತ್ತಿದ್ದ.

ನಾನು ದರ್ಜಿ. ನನ್ನ ಅಂಗಡಿಗೂ ಖಾನಾವಳಿಗೂ ನಡುವೆ ಒಂದೇ ಗೋಡೆ. ಒಗ್ಗರಣೆಯ ವಾಸನೆ ಬಂದರೆ ಮಿಷನ್ನು ತಾನಾಗಿ ನಿಲ್ಲುತ್ತದೆ. ಉಡಚಕ್ಕನ ಕೈಯಲ್ಲಿ ಅಳತೆ ಅನ್ನುವುದು ಇಲ್ಲ; ಹಾಕುತ್ತಾಳೆ, ಸೌಟಿನ ತುದಿಯಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕುತ್ತಾಳೆ, ಆಮೇಲೆ ಅರೆ ಚಿಟಿಕೆ ಹಾಕುತ್ತಾಳೆ ಅಥವಾ ಹಾಕುವುದಿಲ್ಲ. ಅಷ್ಟೇ ಅವಳ ವಿದ್ಯೆ. ಆ ನಾಲಿಗೆಯ ಮೇಲೆಯೇ ಖಾನಾವಳಿ ನಿಂತಿದೆ, ಅವಳ ಮನೆ ನಿಂತಿದೆ, ನನ್ನಂಥ ಹತ್ತಾರು ಒಬ್ಬಂಟಿಗರ ಹೊಟ್ಟೆ ನಿಂತಿದೆ.

ಆ ನಾಲಿಗೆ ಒಮ್ಮೆ ಹೋಗಿತ್ತು. ಒಂದು ಚುನಾವಣೆಯ ದಿನ ಅವಳು ಪರ ಊರಿನ ಆಸ್ಪತ್ರೆಯಲ್ಲಿ ಗಂಡನ ತಲೆದೆಸೆಯಲ್ಲಿ ಕೂತಿದ್ದಳು. ಗಂಡ ಉಳಿಯಲಿಲ್ಲ. ಹೆಣದ ಜೊತೆ ಊರಿಗೆ ಬಂದಾಗ ಮತಗಟ್ಟೆಯ ಬಾಗಿಲು ಹಾಕಿತ್ತು. "ತಮ್ಮಾ, ಅತ್ತ ಕಣ್ಣೀರು ತುಟಿಗೆ ಬರ್ತಿತ್ತು, ಅದೂ ಸಪ್ಪಗ" ಅಂತ ಅವಳು ನನ್ನ ಮುಂದೆ ಒಂದು ಸಲ ಹೇಳಿದ್ದಳು. ಆ ಐದು ವರ್ಷ ಅವಳು ಕುರುಡರು ಗೋಡೆ ತಡವುವ ಹಾಗೆ ಅಡುಗೆ ಮಾಡಿದಳು. ಒಂದು ದಿನ ಸಾರು ಸಮುದ್ರ, ಒಂದು ದಿನ ಬಾವಿ ನೀರು. ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡರು. ಕಲ್ಯಾಣಮಂಟಪದಲ್ಲಿ ಪಾತ್ರೆ ತಿಕ್ಕಿ ಹೊಟ್ಟೆ ಹೊರೆದಳು. ಮುಂದಿನ ಚುನಾವಣೆಯ ದಿನ ನಸುಕಿನಲ್ಲೇ ಹೋಗಿ ಸರತಿಯಲ್ಲಿ ನಿಂತು, ಗುಂಡಿ ಒತ್ತಿ ಬಂದು ತಟ್ಟೆಯ ಉಪ್ಪು ಬಾಯಿಗೆ ಹಾಕಿಕೊಂಡು, ಶಾಲೆಯ ಮೆಟ್ಟಿಲ ಮೇಲೆ ಕೂತು ಹೋ ಅಂತ ಅತ್ತಿದ್ದನ್ನು ನಾನೇ ನೋಡಿದ್ದೇನೆ. ಅಳುತ್ತಾ ಅಳುತ್ತಾ ತುಟಿ ನೆಕ್ಕಿಕೊಳ್ಳುತ್ತಿದ್ದಳು.

ಈಗ ಕಥೆಗೆ ಬರುತ್ತೇನೆ. ಹೋದದ್ದರ ಹಿಂದಿನ ಚುನಾವಣೆಯಲ್ಲಿ ಅಂದಾನಪ್ಪನ ವಿರುದ್ಧ ಯಾರೂ ಅರ್ಜಿ ಹಾಕಲಿಲ್ಲ. ಹಾಕಿ ಏನು ಮಾಡುವುದು, ಹೇಗಿದ್ದರೂ ಮೇಲಿನ ಗುಂಡಿ ಅವನದೇ. ಅರ್ಜಿಯ ಕೊನೆಯ ದಿನದ ಹಿಂದಿನ ಮಧ್ಯಾಹ್ನ ಅವನು ಪೇಢೆಯ ಡಬ್ಬಿ ಹಿಡಿದುಕೊಂಡು ಖಾನಾವಳಿಗೆ ಬಂದ.

"ಅವಿರೋಧ ಆಯ್ಕಿ, ಉಡಚವ್ವಾ! ಊರಿಗೆ ನನ್ನ ಮ್ಯಾಲಿನ ಪ್ರೀತಿ ನೋಡು. ಒಬ್ಬನೂ ಎದುರು ನಿಲ್ಲವಲ್ಲ."

ಉಡಚಕ್ಕ ರೊಟ್ಟಿ ಹಾಕುತ್ತಿದ್ದ ಕೈ ನಿಲ್ಲಿಸಿದಳು. "ಎದುರಿಗೆ ಯಾರೂ ಇಲ್ಲಂದ್ರ ಓಟು ಇರಂಗಿಲ್ಲಲ್ರೀ?"

"ಯಾಕ ಇರತೈತಿ? ಖರ್ಚು ಉಳೀತು."

"ಓಟು ಇಲ್ಲಂದ್ರ?"

ಅಂದಾನಪ್ಪನ ತುತ್ತು ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು. ಎಣಗಾಯಿಯ ಎಣ್ಣೆ ಮೊಣಕೈವರೆಗೆ ಇಳಿಯಿತು. ಪಂಕ್ತಿಯಲ್ಲಿ ಕೂತಿದ್ದ ನಾವೂ ಎಲೆಯ ಮೂಲೆಯ ಉಪ್ಪನ್ನು ನೋಡಿಕೊಂಡೆವು. ಇಡೀ ಊರು, ಐದು ವರ್ಷ, ಸಪ್ಪೆ! ಅಂದಾನಪ್ಪ ಎಲೆ ಬಿಟ್ಟು ಎದ್ದ. ಅವನು ಎಲೆ ಬಿಟ್ಟು ಎದ್ದದ್ದನ್ನು ನಾವು ಯಾರೂ ಮೊದಲು ನೋಡಿರಲಿಲ್ಲ.

ಅವತ್ತು ಸಂಜೆಯೆಲ್ಲ ಅವನು ತನ್ನ ವೈರಿಗಳ ಮನೆ ಮನೆ ತಿರುಗಿದ. "ನನ್ನ ವಿರುದ್ಧ ಒಂದು ಅರ್ಜಿ ಹಾಕ್ರಪಾ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದ. ವೈರಿಗಳಿಗೆ ನಂಬಿಕೆ ಬರಲಿಲ್ಲ. ಅಡಿವೆಪ್ಪನ ಮಗನಂತೂ ಒಳಗಿನಿಂದಲೇ, "ನಾವು ನಿಮ್ಮ ವಿರುದ್ಧ ನಿಲ್ಲೂದೇನ್ರೀ, ಬಿಡ್ತು ಅನ್ರಿ, ನಮಗೂ ಮಕ್ಕಳು ಮರಿ ಅದಾವು" ಅಂತ ಅಗುಳಿ ಹಾಕಿಕೊಂಡ. ಬೆಳಿಗ್ಗೆ ಅಂದಾನಪ್ಪ ಹಲಗೆ ದಾಟಿ ಮತ್ತೆ ಖಾನಾವಳಿಗೆ ಬಂದ. ಮುಖ ಇಳಿದುಹೋಗಿತ್ತು.

"ಉಡಚವ್ವಾ, ನೀನ ನಿಂತುಬಿಡವಾ."

"ನಾನಾ? ಒಲಿ ಮುಂದ ನಿಲ್ಲಾಕಿ ನಾ, ಊರ ಮುಂದ ನಿಲ್ಲು ಅಂತೀರೇನು?"

"ನಿಂತರ ಸಾಕು. ಗೆಲ್ಲೂದು ಬ್ಯಾಡ. ಪ್ರಚಾರ ಗಿಚಾರ ಏನೂ ಇಲ್ಲ. ನನ್ನ ಹೆಸರು ಅಂ, ನಿನ್ನ ಹೆಸರು ಉ. ಅಂ ಎಲ್ಲಿ, ಉ ಎಲ್ಲಿ? ಮ್ಯಾಲಿನ ಗುಂಡಿ ನಂದು, ಕೆಳಗಿಂದು ನಿಂದು. ಊರಿಗೆ ಉಪ್ಪು ಉಳೀತದ. ನಿನಗೂ."

'ನಿನಗೂ' ಅನ್ನುವ ಮಾತು ನಾಟಿತು. ಉಡಚಕ್ಕ ಬಹಳ ಹೊತ್ತು ಹಿಟ್ಟು ನಾದಿದಳು. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಆ ಸಪ್ಪಿ ಇನ್ನೊಂದು ಸಲ ನನ್ನ ಕೈಲಿ ಆಗಂಗಿಲ್ಲ" ಅಂದಳು. ಅಂದಾನಪ್ಪನಿಗೆ, "ಆತು, ನಿಲ್ತೀನಿ" ಅಂದಳು.

"ಮತ್ತ ನಿನ್ನ ಓಟು ನನಗ ಹಾಕ್ತೀನಂತ ಮಾತು ಕೊಡು. ಒಂದೂ ಆಚೀಚಿ ಆಗಬಾರದು. ನನಗ ನೂರಕ್ಕ ನೂರು ಬಿದ್ದ ರೂಢಿ ಐತಿ."

"ಕೊಟ್ಟೆ" ಅಂದಳು. ಹಿಟ್ಟಿನ ಕೈಯಲ್ಲೇ ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ಅವಳ ಗುರುತು ಸೌಟು.

ಆ ಸಲ ಚುನಾವಣಾಧಿಕಾರಿಯಾಗಿ ಬಂದವರು ಮೈಸೂರು ಸೀಮೆಯ ಕಡೆಯವರು, ವಾಮದೇವಯ್ಯ ಅಂತ, ಕನ್ನಡ ಪಂಡಿತರು. ಮತಯಂತ್ರದಲ್ಲಿ ಹೆಸರು ಜೋಡಿಸಿದವರು ಅವರೇ. ಜೋಡಿಸಿದ ಪಟ್ಟಿ ವಾರಗಟ್ಟಲೆ ಪುರಸಭೆಯ ಬೋರ್ಡಿನ ಮೇಲೆ ಅಂಟಿತ್ತು. ಅದರ ಮುಂದೆ ನಿಂತು ಊರಿನ ಅರ್ಧ ಜನ ಎಲೆ ಅಡಿಕೆ ಹಾಕಿಕೊಂಡರು, ಒಂದು ಎಮ್ಮೆ ಅದರ ಮೂಲೆಯನ್ನು ತಿಂದಿತು. ಓದಿದವರು ಯಾರೂ ಇಲ್ಲ.

ಓಟಿನ ದಿನ ಎಂದಿನ ಹಾಗೆ ನಡೆಯಿತು. ಪ್ರೊಫೆಸರರು ಮೊದಲು. ಅಂದಾನಪ್ಪ ಬಿಳಿ ಜುಬ್ಬಾ ಹಾಕಿಕೊಂಡು ಬಂದು, ಒಳಗೆ ಹೋದಷ್ಟೇ ಬೇಗ ಹೊರಗೆ ಬಂದು, ಉಪ್ಪು ನೆಕ್ಕಿ, "ಹತ್ತೇತಿ!" ಅಂತ ಎಲ್ಲರಿಗೂ ಕೈ ಬೀಸಿದ. ಉಡಚಕ್ಕ ಮಾತ್ರ ಒಳಗೆ ಸ್ವಲ್ಪ ಹೊತ್ತು ನಿಂತಳು. ಜೀವಮಾನದಲ್ಲಿ ಮೊದಲ ಸಲ ಅವಳ ಹೆಸರನ್ನು ಯಾರೋ ಅಚ್ಚು ಹಾಕಿಸಿದ್ದರು. ಅದನ್ನು ನೋಡಬೇಕು ಅನಿಸಿತಂತೆ. ಅವಳಿಗೆ ಓದು ಬರುತ್ತಿರಲಿಲ್ಲ, ಸೌಟಿನ ಚಿತ್ರ ಗೊತ್ತಾಗುತ್ತಿತ್ತು, ಅಂದಾನಪ್ಪನ ಗುರುತಾದ ಛತ್ರಿಯೂ ಗೊತ್ತಾಗುತ್ತಿತ್ತು. ಹೊರಗೆ ಬಂದು ಉಪ್ಪು ಬಾಯಿಗಿಟ್ಟುಕೊಂಡಾಗ ಅವಳ ಮುಖ ಒಂದು ನಮೂನೆ ಆಗಿತ್ತು. "ಹತ್ತೇತೇನಕ್ಕಾ?" ಅಂದೆ. "ಹತ್ತೇತಿ" ಅಂದಳು.

ಎಣಿಕೆಯ ದಿನ ಬ್ಯಾಂಡಿನವರು ಅಂದಾನಪ್ಪನ ಮನೆ ಮುಂದೆ ತಯಾರಾಗಿ ನಿಂತಿದ್ದರು. ವಾಮದೇವಯ್ಯನವರು ಶಾಲೆಯ ಜಗಲಿಗೆ ಬಂದು, ಗಂಟಲು ಸರಿಮಾಡಿಕೊಂಡು ಓದಿದರು: "ಶ್ರೀಮತಿ ಉಡಚವ್ವ ಅವರಿಗೆ ಬಿದ್ದ ಮತಗಳು, ಊರಿನ ಎಲ್ಲ ಮತಗಳಲ್ಲಿ ಒಂದು ಕಡಿಮೆ. ಶ್ರೀ ಅಂದಾನಪ್ಪ ಅವರಿಗೆ, ಒಂದು."

ಮೈದಾನದಲ್ಲಿದ್ದ ಅಂದಾನಪ್ಪ ಜಗಲಿ ಹತ್ತಿದ. "ಏನ್ರೀ ಇದು ಅನ್ಯಾಯ? ನನ್ನ ಹೆಸರು ಮ್ಯಾಲಿರಬೇಕಿತ್ತು! ಅಂ ಮೊದಲ ಬರತೈತಿ!"

ಪಂಡಿತರು ಕನ್ನಡಕ ಒರೆಸಿಕೊಂಡರು. "ಹೌದಾ? ಎಲ್ಲಿ ಸ್ವಾಮಿ, ಅಕ್ಷರಮಾಲೆ ಒಂದು ಸಲ ಹೇಳಿ ನೋಡೋಣ."

"ನಾ ಏನು ಸಣ್ಣ ಹುಡುಗನೇನ್ರೀ?"

"ಹೇಳಿ ಸ್ವಾಮಿ, ನಾಚಿಕೆ ಏನು."

"ಅ, ಆ, ಇ, ಈ..." ಅಂತ ಅಂದಾನಪ್ಪ ಶುರು ಮಾಡಿದ. ಸುಮ್ಮನಿರಲು ಬಾರದ ನಮ್ಮ ಜನ ಹಿಂದಿನಿಂದ ರಾಗ ಸೇರಿಸಿದರು. ಉ, ಊ, ಋ, ಎ, ಏ, ಐ ಅಂತ ಇಡೀ ಮೈದಾನ ಒಂದನೇ ಇಯತ್ತೆಯಾಯಿತು. "ಒ, ಓ, ಔ, ಅಂ..." ಅಂದ ಕೂಡಲೇ ಪಂಡಿತರು ಕೈ ಎತ್ತಿದರು.

"ಸಾಕು. ಉ ಎಲ್ಲಿ ಬಂತು, ಅಂ ಎಲ್ಲಿ ಬಂತು, ನೀವೇ ಕೇಳಿಸಿಕೊಂಡಿರಲ್ಲ."

"ಕೋಶದಾಗ ಮೊದಲ ಐತ್ರೀ!"

"ಕೋಶ ನೋಡುವವರು ನಾಲ್ಕು ಜನ ಸ್ವಾಮಿ. ಅಆಇಈ ಎಲ್ಲರದು" ಅಂದು ಪಂಡಿತರು ಕಾಗದ ಮಡಿಸಿದರು.

ಒಂದು ಸೊನ್ನೆ ಅಂದಾನಪ್ಪನನ್ನು ನುಂಗಿ ನೀರು ಕುಡಿದಿತ್ತು. ಬ್ಯಾಂಡಿನವರು ಮುಂಗಡ ವಾಪಸು ಕೊಡಬೇಕಾಗುತ್ತದೆಂದು ಹೆದರಿ ಹಾಗೇ ಉಡಚಕ್ಕನ ಖಾನಾವಳಿಯ ಕಡೆ ತಿರುಗಿ ಬಾರಿಸುತ್ತಾ ಹೋದರು. ಜನ ಒಬ್ಬರನ್ನೊಬ್ಬರು ನೋಡಿಕೊಂಡು, "ಊರು ಬದಲಾವಣಿ ಬಯಸಿತ್ತು ನೋಡ್ರಿ" ಅಂದರು. ಪತ್ರಿಕೆಯವರು ಮೌನಕ್ರಾಂತಿ ಅಂತ ಬರೆದರು. ಪ್ರೊಫೆಸರರು ಹೆಣ್ಣುಮಕ್ಕಳ ಜಾಗೃತಿಯ ಬಗ್ಗೆ ಎರಡು ತಾಸು ಮಾತಾಡಿದರು.

ಇತ್ತ ಅಂದಾನಪ್ಪನ ಅಂಗಳದಲ್ಲಿ ಗುತ್ತಿಗೆದಾರರ ಸಾಲು. "ಆ ಒಂದು ಓಟು ನಂದ ಸಾವ್ಕಾರ್ರ, ಮಕ್ಕಳಾಣಿ!" ಅಂತ ಒಬ್ಬ. "ಸುಳ್ಳ ಹೇಳ್ತಾನ್ರೀ, ಅದು ನಂದು" ಅಂತ ಇನ್ನೊಬ್ಬ. ಒಂದು ಓಟಿಗೆ ಅಷ್ಟು ಮಂದಿ ಅಪ್ಪಂದಿರು ಹುಟ್ಟಿಕೊಂಡರು. ಅಂದಾನಪ್ಪ ಎಲ್ಲರನ್ನೂ ಹೊರಗೆ ಅಟ್ಟಿ, ನಾಲ್ಕು ದಿನ ಕದ ಹಾಕಿಕೊಂಡು ಕೂತು, ಐದನೇ ದಿನ ಹಸಿವು ತಡೆಯದೆ ಹಲಗೆ ದಾಟಿ ಖಾನಾವಳಿಗೆ ಬಂದ. ನಾನು ಪಕ್ಕದ ಎಲೆಯಲ್ಲಿದ್ದೆ. ಸಮಾಧಾನ ಹೇಳಬೇಕೆಂದು, "ಇರಲಿ ಬಿಡ್ರಿ, ನಿಮ್ಮ ಓಟು ಒಂದಾದ್ರೂ ನಿಮಗ ಬಿತ್ತಲ್ಲ" ಅಂದೆ.

ಅವನು ತನ್ನ ಶಾಯಿ ಹಚ್ಚಿದ ಬೆರಳನ್ನೇ ನೋಡುತ್ತಾ ಕೂತ. "ನಾ ಮ್ಯಾಲಿಂದು ಒತ್ತೀನೋ ಮಾರಾಯ" ಅಂದ. "ಇಪ್ಪತ್ತು ವರ್ಷ ಅಲ್ಲೇ ಇದ್ದೆ. ಸ್ವಂತ ಮನಿ ಬಾಗಿಲು ಯಾರಾದ್ರೂ ಹುಡುಕಿಕೊಂಡು ಹೋಗ್ತಾರೇನು? ನನ್ನ ಓಟೂ ಈಕಿಗೇ ಬಿದ್ದೈತಿ. ಆ ಒಂದು ಯಾರದು, ಅದ ನನ್ನ ಜೀವ ತಿನ್ನಾಕ ಹತ್ತೇತಿ."

ಉಡಚಕ್ಕ ಪಲ್ಯದ ಬೋಗುಣಿ ಕೆಳಗಿಟ್ಟಳು. "ನಂದು" ಅಂದಳು.

ಅಂದಾನಪ್ಪ ತಲೆ ಎತ್ತಿದ.

"ಮಾತು ಕೊಟ್ಟಿದ್ದೆ ಅಲ್ರೀ. ಒಳಗ ಹೋಗಿ ನೋಡ್ತೀನಿ, ಸೌಟು ಮ್ಯಾಲೈತಿ, ಛತ್ರಿ ಕೆಳಗೈತಿ. ಎದಿ ಝಲ್ಲಂತು. ಹೊರಗ ಬಂದು ಒದರಬೇಕಂದೆ, ಯಾರು ಕೇಳ್ತಿದ್ರು? ಎಲ್ಲರೂ ಉಪ್ಪಿನ ತಟ್ಟಿ ಕಡೆ ನೋಡ್ಕೋತ ನಿಂತಿದ್ರು. ನಾ ಛತ್ರಿ ಹುಡುಕಿ, ನೋಡಿ, ಒತ್ತಿ ಬಂದೆ."

"ನೀ ಹಾಕಿದ್ದಾ!" ಅಂದಾನಪ್ಪನ ದನಿ ಒಡೆಯಿತು. "ಊರಾಗ ನನಗ ಅಂತ ಉಳಿದಾಕಿ ನೀ ಒಬ್ಬಾಕಿನಾ?"

"ಉಳಿದದ್ದಲ್ರೀ. ನಿಮಗ ಹುಟ್ಟಾ ಬಿದ್ದದ್ದ ಅದೊಂದು. ಹಿಂದಿನವು ಎಲ್ಲಾ ಮ್ಯಾಲಿನ ಗುಂಡಿಗೆ ಬಿದ್ದಾವು, ನೀವು ಅಲ್ಲಿ ಕುಂತಿದ್ರಿ, ಅಷ್ಟ." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. ನಗುತ್ತಾಳೆ ಅಂದುಕೊಂಡೆ, ಕಣ್ಣಲ್ಲಿ ನೀರು ಬಂದಿತ್ತು. "ನಿಮಗಾದ್ರೂ ಒಂದು ಬಿತ್ತು. ನನ್ನ ಕೊರಳಾಗ ಊರ ಮಂದಿ ಮಾಲಿ ಹಾಕ್ಯಾರ, ಬ್ಯಾಂಡು ಬಾರಿಸ್ಯಾರ. ನೋಡಿ ಹಾಕಿದ ಓಟು ನನಗ ಒಂದೂ ಇಲ್ಲ."

ನನಗೆ ಬಹಳ ಕಸಿವಿಸಿಯಾಯಿತು, ಯಾಕೆಂದರೆ ಅಲ್ಲಿ ಕೂತ ನಾವೆಲ್ಲರೂ ಆ ಹೆಂಗಸಿನ ಅನ್ನ ಉಂಡು ಬೆಳೆದವರು. ಅಂದಾನಪ್ಪ ಮೆಲ್ಲಗೆ, "ಹಂಗಾರ ರಾಜೀನಾಮಿ ಕೊಡ್ತೀ ಏನವಾ?" ಅಂದ. ರಾಜಕಾರಣಿ ಅತ್ತರೂ ರಾಜಕಾರಣಿಯೇ.

"ಕೊಡ್ತೀನಿ. ಗಟಾರ ಮುಗೀಲಿ" ಅಂದಳು ಉಡಚಕ್ಕ.

ಮರುದಿನ ಅವಳು ಸೊಸೆಗೆ ಸೌಟು ಕೊಟ್ಟು ಪುರಸಭೆಗೆ ಹೋದಳು. ಎಂಜಿನಿಯರು ಅಂದಾಜುಪಟ್ಟಿ, ಮಂಜೂರಾತಿ, ಮುಂದಿನ ಸಾಲಿನ ಆಯವ್ಯಯ ಅಂತ ಏನೇನೋ ಹೇಳಿದ. "ಬಾಳ ದಣದೀರಿ, ನಾಳಿ ಎಲ್ಲರೂ ಊಟಕ್ಕ ಬರ್ರಿ" ಅಂದಳು. ಮಾರನೇ ದಿನ ಸದಸ್ಯರಿಗೂ ಎಂಜಿನಿಯರಿಗೂ ಎಲೆ ಹಾಕಿಸಿದ್ದು ಗಟಾರದ ದಂಡೆಯ ಮೇಲೆ. ಹೋಳಿಗೆ ಬಡಿಸಿದಳು, ತುಪ್ಪ ಬಡಿಸಿದಳು, ಮೂಗು ಮುಚ್ಚಿಕೊಂಡು ಹೋಳಿಗೆ ತಿನ್ನುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. "ಗಟಾರ ಮುಗಿಯೂತನಕ ದಿನಾ ಇಲ್ಲೇ ಊಟ" ಅಂದಳು. ಗಟಾರ ಬೇಗ ಮುಗಿಯಿತು. ಅದರ ಜೊತೆಗೆ ಹಿಂದಿನ ಓಣಿಯದೂ ಮುಗಿಯಿತು, ಸಂತೆಪೇಟೆಯದೂ ಮುಗಿಯಿತು.

ಜನ ಸಂತೋಷಪಟ್ಟರು ಅಂದುಕೊಂಡಿರಾ? ಸೊಸೆಯ ಕೈಯಡುಗೆ ಬಾಯಿಗೆ ಇಡುವ ಹಾಗಿರಲಿಲ್ಲ. ಸಾರು ಎರಡು ದಿನ ಉಪ್ಪು, ಒಂದು ದಿನ ಸಪ್ಪೆ. ನಾಲಿಗೆಗೆ ಉಪ್ಪು ಹತ್ತುತ್ತಿದ್ದರೂ ಸಾರಿನಲ್ಲಿ ಇರಬೇಕಲ್ಲ! ಮೊದಲು ಗೊಣಗಿದರು, ಆಮೇಲೆ ಒಂದು ದಿನ ಗುಂಪು ಕಟ್ಟಿಕೊಂಡು ಪುರಸಭೆಗೆ ಹೋದರು. "ಅಕ್ಕಾ, ಅಧ್ಯಕ್ಷರು ಯಾರ ಬೇಕಾದ್ರೂ ಆಗ್ತಾರ. ಸಾರು ಯಾರು ಮಾಡ್ತಾರ?" ಅಂದರು. ಉಡಚಕ್ಕ ಅವರನ್ನು ನೋಡಿದಳು, ಹೊಸ ಗಟಾರದ ಕಡೆ ನೋಡಿದಳು. ಅವತ್ತೇ ರಾಜೀನಾಮೆ ಕೊಟ್ಟಳು.

ಮತ್ತೆ ಚುನಾವಣೆ ಬಂತು, ಅಧಿಕಾರಿಯಾಗಿ ವಾಮದೇವಯ್ಯನವರೇ ಬಂದರು. ಅಂದಾನಪ್ಪ ಈ ಸಲ ಪಂಡಿತರನ್ನೇ ಕೇಳಿ ಹೆಸರಿನ ಸೊನ್ನೆ ತೆಗೆಸಿಬಿಟ್ಟಿದ್ದ. ಅದಾನಪ್ಪ. "ಅದಾನಪ್ಪ ಅದಾನ, ಎಲ್ಲೂ ಹೋಗಿಲ್ಲ" ಅಂತ ಊರೆಲ್ಲ ನಗಾಡಿತು. ಎದುರಿಗೆ ಒಬ್ಬರು ಬೇಕಲ್ಲ, ಮತ್ತೆ ಯಾರೂ ಮುಂದೆ ಬರಲಿಲ್ಲ. ಅವನು ಕೇಳಲು ಬರುವ ಮೊದಲೇ ಉಡಚಕ್ಕ ಅರ್ಜಿ ಹಾಕಿಯಾಗಿತ್ತು.

"ಯಾಕಕ್ಕಾ, ಮತ್ತ ಕುರ್ಚಿ ಮ್ಯಾಲೆ ಆಶಿ ಬಂತೇನು?" ಅಂತ ನಾನು ಕೆಣಕಿದೆ.

"ಕುರ್ಚಿ ಸುಡು. ನನಗ ಒಂದ ಒಂದು ಓಟು ಬೇಕು ತಮ್ಮಾ. ಯಾರರ ಸೌಟು ಹುಡುಕಿ, ಇದು ಉಡಚವ್ವಂದು ಅಂತ ನೋಡಿ ಹಾಕಿದ್ದು. ಅಷ್ಟು ವರ್ಷ ಬಡಿಸೀನಿ, ಒಂದು ಕೇಳಬಾರದಾ?"

"ನಿಂದು ನೀನ ಹಾಕ್ಕೊಂಡರ ಆತಲ್ಲ."

"ತನ್ನ ಎಲಿಗೆ ತಾನ ಬಡಿಸಿಕೊಂಡು ಉಪಚಾರ ಅಂತಾರೇನು? ನಂದು ಅದಾನಪ್ಪಾರಿಗೇ."

ಅವತ್ತು ಮಧ್ಯಾಹ್ನ ಪಂಕ್ತಿಯಲ್ಲಿ ಕೂತ ನಾವೆಲ್ಲರೂ ಎಲೆಯ ಮೇಲಿನ ಉಪ್ಪು ಮುಟ್ಟಿ ಆಣೆ ಮಾಡಿದೆವು. ನೋಡೇ ಹಾಕುತ್ತೇವೆ, ಸೌಟಿಗೇ ಹಾಕುತ್ತೇವೆ. ಉಡಚಕ್ಕ ನಂಬಿದಳು, ಎಲ್ಲರಿಗೂ ಒಂದೊಂದು ಕರಿಗಡಬು ಹೆಚ್ಚು ಬಡಿಸಿದಳು.

ಏನು ಹೇಳಲಿ! ಓಟಿನ ದಿನ ನಾನು ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಕಾಯಲು ಬಿಟ್ಟು ಬಂದಿದ್ದೆ. ಸರತಿಯಲ್ಲಿ ಹಿಂದಿನವನು ತಿವಿಯುತ್ತಿದ್ದ. ಒಳಗೆ ಹೋದೆ, ಬೆರಳು ತಾನಾಗಿ ಮೇಲಿನ ಗುಂಡಿಗೆ ಹೋಗಿ ಯಂತ್ರವನ್ನು ಕೂಗಿಸಿಬಿಟ್ಟಿತು. ಕುಂಯ್ ಅಂದ ಮೇಲೆ ನನಗೆ ಸೌಟು ನೆನಪಾದದ್ದು. ಉಪ್ಪು ಹತ್ತಿತು, ಎಂದಿನಷ್ಟೇ ಚೆನ್ನಾಗಿ ಹತ್ತಿತು, ಹಾಳಾದ್ದು. ನನ್ನ ಹಿಂದೆ ಬಂದ ಪಂಕ್ತಿಯವರ ಮುಖ ನೋಡಿದೆ. ಯಾರೂ ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ, ಎಲ್ಲರೂ ತಟ್ಟೆಯನ್ನೇ ನೋಡುತ್ತಿದ್ದರು.

ಆಮೇಲೆ ಅದಾನಪ್ಪ ಬಂದ. ಒಳಗೆ ಹೋದವನು ಹೊರಗೆ ಬರಲೇ ಇಲ್ಲ. "ಏನ್ರೀ, ಒಳಗ ಮಕ್ಕೊಂಡಾರೇನು?" ಅಂತ ಸರತಿಯವರು ಗದ್ದಲ ಮಾಡಿದರು. ಆಗ ಮರೆಯ ಹಿಂದಿನಿಂದ ಅವನ ದನಿ ಕೇಳಿಸಿತು: "ಪಂಡಿತರ, ನಿಮ್ಮ ಚಾಳೀಸು ಒಂದೀಟು ಕೊಡ್ರಿ."

ನಮ್ಮೂರಿನ ಮತಗಟ್ಟೆಯ ಒಳಗೆ ಕನ್ನಡಕ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ವಾಮದೇವಯ್ಯನವರು ತಮ್ಮ ಕನ್ನಡಕ ತೆಗೆದು ಮರೆಯ ಮೇಲಿಂದ ಒಳಗೆ ಚಾಚಿದರು. ಕುಂಯ್ ಅಂತ ಸದ್ದಾಗಲು ಮತ್ತೂ ಹೊತ್ತು ಹಿಡಿಯಿತು. ಹೊರಗೆ ಬಂದ ಅದಾನಪ್ಪ ಉಪ್ಪಿನ ತಟ್ಟೆಯನ್ನು ಮರೆತು ಹಾಗೇ ನಡೆದುಹೋದ.

ಎಣಿಕೆಯಾಯಿತು. ಅದಾನಪ್ಪನಿಗೆ ಊರಿನ ಎಲ್ಲ ಓಟು, ಒಂದು ಕಡಿಮೆ. ನಾನು ಓಡೋಡಿ ಖಾನಾವಳಿಗೆ ಬಂದೆ. ಉಡಚಕ್ಕ ಸಾರಿಗೆ ಉಪ್ಪು ಹಾಕಿ ನಿಂತಿದ್ದಳು, ನನ್ನ ಕಡೆ ನೋಡದೆ ಕೇಳಿದಳು.

"ಎಷ್ಟು?"

"ಒಂದಕ್ಕಾ."

ಸೌಟು ಹಿಡಿದ ಕೈ ನಿಂತಿತು. "ನೋಡಿ ಹಾಕಿದ್ದೇನು?"

"ಚಾಳೀಸು ಹಾಕ್ಕೊಂಡು ನೋಡಿ ಹಾಕಿದ್ದಕ್ಕಾ."

ಯಾರದೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಒಲೆಯ ಕಡೆ ತಿರುಗಿ ಸೆರಗು ಮುಖಕ್ಕೆ ಒತ್ತಿಕೊಂಡಳು. ತುಟಿ ನೆಕ್ಕಿಕೊಂಡಳು. ಆಮೇಲೆ ಡಬ್ಬಿಯಿಂದ ಒಂದು ಹಿಡಿ ಉಪ್ಪು ತೆಗೆದು, ಅಂಗೈಗೆ ಹನಿ ಬಿಟ್ಟು ನೋಡದೆಯೇ, ಸಾರಿಗೆ ಇನ್ನೊಮ್ಮೆ ಹಾಕಿದಳು.

ಅದಾನಪ್ಪ ಕೊರಳಿಗೆ ಮಾಲೆ ಹಾಕಿಕೊಂಡೇ ಊಟಕ್ಕೆ ಬಂದ. ಈಗ ಹಲಗೆ ಇಲ್ಲ, ಧೋತರ ಎತ್ತಿಕೊಳ್ಳುವ ಕೆಲಸವಿಲ್ಲ. ರೂಢಿಯ ಮೇಲೆ ಎತ್ತಿಕೊಂಡೇ ದಾಟಿದ. ಉಡಚಕ್ಕ ತಾನೇ ಬಡಿಸಿದಳು. ಪಂಕ್ತಿಯಲ್ಲಿ ಕೂತ ನಾವು ಒಂದು ತುತ್ತು ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದೆವು. ಸಾರು ಉಪ್ಪೋ ಉಪ್ಪು. ನೀರಿನ ತಂಬಿಗೆಗೆ ಕೈ ಹಾಕಲು ಯಾರಿಗೂ ಧೈರ್ಯವಾಗಲಿಲ್ಲ. ಬಾಗಿಲಲ್ಲೇ ಮೂಸಿ ಸಾಸಿವೆಯ ತಪ್ಪು ಹೇಳುತ್ತಿದ್ದ ಅದಾನಪ್ಪ ತಲೆ ತಗ್ಗಿಸಿಕೊಂಡು ಇಡೀ ಅನ್ನ ಕಲಸಿ ಉಂಡು, ಎಲೆ ಮುಂದೆ ಸರಿಸಿ, "ಇನ್ನೊಂದು ಸೌಟು ಹಾಕವಾ" ಅಂದ.